ಒಂಬತ್ತನೆಯ ತರಗತಿಯ ವೃತ್ತಿ ವಿಷಯ ಬೇರೆ, ಐಟಿಐ ಬೇರೆ, ಡಿಪ್ಲೊಮಾ ಬೇರೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ವೃತ್ತಿ ಶಿಕ್ಷಣದ ವಿಷಯಗಳನ್ನು ಕಲಿಸುವ ಸರ್ಕಾರಿ ಪ್ರೌಢಶಾಲೆಗಳಿವೆ. ಎಂಟನೆಯ ತರಗತಿ ಮುಗಿಸಿ ಒಂಬತ್ತಕ್ಕೆ ಹೋಗುವ ಮಕ್ಕಳ ಮನೆಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಮೂರನೆಯ ಭಾಷೆಯಾಗಿ ಹಿಂದಿಯನ್ನೇ ಮುಂದುವರಿಸಬೇಕೋ, ಅದರ ಬದಲಿಗೆ ಆಟೊಮೊಬೈಲ್, ರೀಟೇಲ್ ಅಥವಾ ಐಟಿ ಎಂಬ ವಿಷಯವನ್ನು ಆರಿಸಿಕೊಳ್ಳಬೇಕೋ? ಪೋಷಕರಲ್ಲಿ ಕೆಲವರು, ಹುಡುಗ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಗ್ಯಾರೇಜಿನ ಕೆಲಸ ಕಲಿತು ಸಂಪಾದನೆಗೆ ನಿಲ್ಲುತ್ತಾನೆ ಎಂದು ನಂಬುತ್ತಾರೆ. ಇನ್ನು ಕೆಲವರು, ಈ ವಿಷಯ ತೆಗೆದುಕೊಂಡರೆ ಮುಂದೆ ಪಿಯುಸಿ ವಿಜ್ಞಾನದ ಬಾಗಿಲೇ ಮುಚ್ಚಿಹೋಗುತ್ತದೆ ಎಂದು ಹೆದರುತ್ತಾರೆ. ಎರಡೂ ಸರಿಯಲ್ಲ. ಈ ತಪ್ಪು ತಿಳಿವಳಿಕೆಗೆ ಕಾರಣ, ಒಂದಕ್ಕೊಂದು ಸಂಬಂಧವಿದ್ದರೂ ಉದ್ದೇಶದಲ್ಲಿ ಬೇರೆಯೇ ಆದ ಮೂರು ಏರ್ಪಾಡುಗಳನ್ನು ನಾವು ‘ಟೆಕ್ನಿಕಲ್ ಓದು’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿರುವುದು.

ಮೊದಲನೆಯದು ಪ್ರೌಢಶಾಲೆಯೊಳಗೇ ಒಂದು ವಿಷಯವಾಗಿ ಕಲಿಸುವ ವೃತ್ತಿ ಶಿಕ್ಷಣ. ಇದು ಮಗುವಿಗೆ ಒಂದು ಕಸುಬಿನ ಪರಿಚಯ ಮಾಡಿಸುತ್ತದೆ, ಕಸುಬುದಾರನನ್ನು ತಯಾರಿಸುವುದಿಲ್ಲ. ಎರಡನೆಯದು ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ), ಅಂದರೆ ಒಂದು ನಿರ್ದಿಷ್ಟ ಟ್ರೇಡಿನಲ್ಲಿ, ಎಂದರೆ ಕಸುಬಿನಲ್ಲಿ, ಕೈ ಪಳಗಿಸುವ ತರಬೇತಿ. ಮೂರನೆಯದು ಪಾಲಿಟೆಕ್ನಿಕ್‌ಗಳ ಡಿಪ್ಲೊಮಾ, ಎಂದರೆ ಕೆಲಸ ಮಾಡುವವನಿಗೂ ಎಂಜಿನಿಯರಿಗೂ ನಡುವೆ ನಿಲ್ಲುವ ತಂತ್ರಜ್ಞನ ಓದು. ಮೂರಕ್ಕೂ ಪ್ರವೇಶದ ವಯಸ್ಸು ಬೇರೆ, ಪ್ರಮಾಣಪತ್ರ ಕೊಡುವ ಸಂಸ್ಥೆ ಬೇರೆ, ಆ ಪ್ರಮಾಣಪತ್ರಕ್ಕೆ ಹೊರಗೆ ಸಿಗುವ ಬೆಲೆಯೂ ಬೇರೆ.

ಶಾಲೆಯೊಳಗಿನ ವೃತ್ತಿ ವಿಷಯ

ಶಾಲೆಗಳಲ್ಲಿ ಈ ವಿಷಯಕ್ಕೆ ‘ಎನ್‌ಎಸ್‌ಕ್ಯೂಎಫ್’ ಎಂಬ ಹೆಸರೇ ರೂಢಿಯಾಗಿದೆ. ವಾಸ್ತವದಲ್ಲಿ ಅದು ವಿಷಯದ ಹೆಸರಲ್ಲ; ಕೇಂದ್ರ ಸರ್ಕಾರ 2013ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ಜಾರಿಗೆ ತಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಹೆಸರು. ಒಬ್ಬ ವ್ಯಕ್ತಿ ಎಷ್ಟು ವರ್ಷ ಓದಿದ ಎಂಬುದರ ಬದಲು ಅವನು ಏನನ್ನು ತಿಳಿದಿದ್ದಾನೆ, ಯಾವ ಕೆಲಸವನ್ನು ತಾನಾಗಿಯೇ ಮಾಡಬಲ್ಲ, ಎಷ್ಟು ಹೊಣೆ ಹೊರಬಲ್ಲ ಎಂಬುದನ್ನು ನೋಡಿ ಅರ್ಹತೆಗಳನ್ನು ಹಂತಗಳಾಗಿ ಜೋಡಿಸುವುದು ಈ ಚೌಕಟ್ಟಿನ ತಿರುಳು. ಮೊದಲು ಇದರಲ್ಲಿ 10 ಹಂತಗಳಿದ್ದವು. 2023ರ ಪರಿಷ್ಕರಣೆಯಲ್ಲಿ ಅವು 8ಕ್ಕೆ ಇಳಿದವು. ಪ್ರೌಢಶಾಲೆಯ ಮಕ್ಕಳು ಇದರ ಕೆಳಗಿನ ಹಂತಗಳಲ್ಲಿರುತ್ತಾರೆ. ಹೇಳಿಕೊಟ್ಟ ಕೆಲಸವನ್ನು ಮೇಲ್ವಿಚಾರಕನ ಕಣ್ಣಳತೆಯಲ್ಲಿ ಸರಿಯಾಗಿ ಮಾಡುವಷ್ಟನ್ನು ಮಾತ್ರ ಆ ಹಂತಗಳು ನಿರೀಕ್ಷಿಸುತ್ತವೆ ಎಂಬುದನ್ನು ನೆನಪಿಟ್ಟರೆ ಅತಿಯಾದ ಆಸೆ ತಾನಾಗಿಯೇ ತಗ್ಗುತ್ತದೆ.

ಸಮಗ್ರ ಶಿಕ್ಷಣ ಯೋಜನೆಯಡಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಈ ವಿಷಯಗಳನ್ನು ಕಲಿಸಲು ಹಣ ಒದಗುತ್ತದೆ. ಪಠ್ಯಕ್ರಮದ ಮೂಲ ಭೋಪಾಲಿನ ಪಂಡಿತ್ ಸುಂದರ್‌ಲಾಲ್ ಶರ್ಮಾ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ. ಇದು ಎನ್‌ಸಿಇಆರ್‌ಟಿಯ ಅಂಗ. ಪಠ್ಯದಲ್ಲಿ ಎರಡು ಭಾಗಗಳಿವೆ. ಒಂದು ಎಲ್ಲ ವಿದ್ಯಾರ್ಥಿಗಳಿಗೂ ಸಮಾನವಾದ ಭಾಗ: ಮಾತುಕತೆಯ ಕೌಶಲ, ಸಮಯ ಮತ್ತು ಮನಸ್ಸಿನ ನಿರ್ವಹಣೆ, ಕಂಪ್ಯೂಟರ್ ಬಳಕೆ, ಸ್ವಂತ ಉದ್ಯೋಗದ ತಿಳಿವಳಿಕೆ, ಪರಿಸರಕ್ಕೆ ಹೊಂದುವ ಕೆಲಸದ ರೀತಿ. ಇನ್ನೊಂದು ಆಯಾ ವೃತ್ತಿಗೆ ಸೇರಿದ್ದು. ಇಲ್ಲಿ ಪ್ರತಿ ವಲಯವೂ (ಆಟೊಮೊಬೈಲ್, ರೀಟೇಲ್ ಮುಂತಾದ ವೃತ್ತಿ ಕ್ಷೇತ್ರ) ಒಂದು ‘ಜಾಬ್ ರೋಲ್’ಗೆ, ಅಂದರೆ ನಿರ್ದಿಷ್ಟ ಹುದ್ದೆಯ ಕೆಲಸಕ್ಕೆ, ಕಟ್ಟುಬಿದ್ದಿರುತ್ತದೆ. ಹತ್ತನೆಯ ತರಗತಿಯ ಐಟಿ ಎಂದರೆ ಪ್ರೋಗ್ರಾಮಿಂಗ್ ಅಲ್ಲ, ಮುಖ್ಯವಾಗಿ ಡೇಟಾ ಎಂಟ್ರಿ ಆಪರೇಟರ್‌ನ ಕೆಲಸ. ರೀಟೇಲ್ ಎಂದರೆ ಅಂಗಡಿಯ ಸರಕು ಸಂಗ್ರಹ, ಜೋಡಣೆ ಮತ್ತು ಗಿರಾಕಿಗಳ ಸೇವೆ ನೋಡುವ ಸಹಾಯಕನ ಕೆಲಸ. ಬ್ಯೂಟಿ ಅಂಡ್ ವೆಲ್‌ನೆಸ್ ಎಂದರೆ ಸಹಾಯಕ ಬ್ಯೂಟಿ ಥೆರಪಿಸ್ಟ್. ವಿಷಯದ ದೊಡ್ಡ ಹೆಸರನ್ನು ಕೇಳಿ ಸೇರಿಸುವ ಪೋಷಕರು ಈ ಜಾಬ್ ರೋಲ್ ಯಾವುದೆಂದು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ ಈ ವಿಷಯ ಮೂರನೆಯ ಭಾಷೆಯ ಸ್ಥಾನದಲ್ಲಿ ಬರುತ್ತದೆ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ಹಿಂದಿ ಮತ್ತಿತರ ತೃತೀಯ ಭಾಷೆಗಳ ದಿನವೇ ಇದರ ಲಿಖಿತ ಪರೀಕ್ಷೆಯೂ ನಡೆಯುವುದು ಅದಕ್ಕಾಗಿಯೇ. ಇದರ ಪರಿಣಾಮವನ್ನು ಸ್ಪಷ್ಟವಾಗಿ ನೋಡಬೇಕು: ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಪ್ರಥಮ ಮತ್ತು ದ್ವಿತೀಯ ಭಾಷೆ ಯಾವುದೂ ಕದಲುವುದಿಲ್ಲ. ಆದ್ದರಿಂದ ವೃತ್ತಿ ವಿಷಯ ಓದಿದ ಹುಡುಗಿ ಪಿಯುಸಿ ವಿಜ್ಞಾನಕ್ಕೂ ಹೋಗಬಹುದು, ವಾಣಿಜ್ಯಕ್ಕೂ ಹೋಗಬಹುದು, ಡಿಪ್ಲೊಮಾಕ್ಕೂ ಅರ್ಜಿ ಹಾಕಬಹುದು. ಆಕೆ ಕಳೆದುಕೊಳ್ಳುವುದು ಹಿಂದಿಯ ಎರಡು ವರ್ಷಗಳನ್ನು ಮಾತ್ರ. ಮುಂದೆ ಹಿಂದಿಯನ್ನೇ ಭಾಷಾ ವಿಷಯವಾಗಿ ಓದಬೇಕೆಂದಿರುವವರಿಗೆ ಅದು ನಷ್ಟ. ಉಳಿದವರಿಗೆ, ನನ್ನ ಅಭಿಪ್ರಾಯದಲ್ಲಿ, ಅಂಥ ದೊಡ್ಡ ನಷ್ಟವೇನಲ್ಲ. ದ್ವಿತೀಯ ಪಿಯುಸಿ ಪರೀಕ್ಷೆಯಲ್ಲೂ ಆಟೊಮೊಬೈಲ್, ರೀಟೇಲ್, ಹೆಲ್ತ್ ಕೇರ್ ಮೊದಲಾದ ಎನ್‌ಎಸ್‌ಕ್ಯೂಎಫ್ ವಿಷಯಗಳಿವೆ, ಆದರೆ ಅವು ಎಲ್ಲ ಕಾಲೇಜುಗಳಲ್ಲಿ ಸಿಗುವುದಿಲ್ಲವಾದ್ದರಿಂದ ಹತ್ತರಲ್ಲಿ ಓದಿದ್ದನ್ನು ಊರಿನ ಕಾಲೇಜಿನಲ್ಲೇ ಮುಂದುವರಿಸಬಹುದು ಎಂದು ಎಣಿಸಬಾರದು.

ಹಾಗಾದರೆ ಇದರಿಂದ ಸಿಗುವ ಪ್ರಮಾಣಪತ್ರಕ್ಕೆ ಏನು ಬೆಲೆ? ಅದನ್ನು ಹಿಡಿದು ಹೋದರೆ ಐಟಿಐಯಲ್ಲಿ ಒಂದು ವರ್ಷವೇನೂ ಕಡಿಮೆಯಾಗುವುದಿಲ್ಲ. ಹದಿನಾರು ವರ್ಷದ ಮಗುವನ್ನು ಅದರ ಬಲದಿಂದ ಕೆಲಸಕ್ಕೆ ತೆಗೆದುಕೊಳ್ಳುವ ಒಳ್ಳೆಯ ಕಾರ್ಖಾನೆಯೂ ಇರುವುದಿಲ್ಲ, ಇರಲೂಬಾರದು. ಕೈಯಲ್ಲಿ ಹಿಡಿದ ಸ್ಪ್ಯಾನರ್, ಬಿಚ್ಚಿ ಜೋಡಿಸಿದ ಕಾರ್ಬ್ಯುರೇಟರ್, ಸರಿಯಾಗಿ ಬರೆದ ಸ್ಟಾಕ್ ಪುಸ್ತಕ, ಅಪರಿಚಿತ ಗಿರಾಕಿಯೊಡನೆ ತಡವರಿಸದೆ ಆಡಿದ ನಾಲ್ಕು ಮಾತು: ಇಂಥವುಗಳಿಂದ ಮಗುವಿಗೆ ತನ್ನ ಒಲವು ಯಾವ ಕಡೆಗಿದೆ ಎಂದು ಗೊತ್ತಾಗುವುದೇ ಈ ಎರಡು ವರ್ಷಗಳ ನಿಜವಾದ ಫಲ. ‘ಈ ಕೆಲಸ ನನಗೆ ಆಗಿಬರುವುದಿಲ್ಲ’ ಎಂದು ಹದಿನೈದರಲ್ಲಿ ತಿಳಿಯುವುದೂ ಲಾಭವೇ, ಏಕೆಂದರೆ ಐಟಿಐಗೆ ಸೇರಿ ಅರ್ಧಕ್ಕೆ ಬಿಡುವುದಕ್ಕಿಂತ ಅದು ಅಗ್ಗ.

ಆ ಫಲ ಸಿಗಬೇಕಾದರೆ ಶಾಲೆಯಲ್ಲಿ ಲ್ಯಾಬ್ ಇರಬೇಕು, ಅದರ ಬೀಗ ತೆರೆದಿರಬೇಕು, ಕಲಿಸುವವರು ಜೂನ್‌ನಿಂದಲೇ ಇರಬೇಕು. ಯೋಜನೆಯ ದುರ್ಬಲ ಗಂಟು ಇಲ್ಲಿದೆ. ಈ ವಿಷಯಗಳ ತರಬೇತುದಾರರು ಸಾಮಾನ್ಯವಾಗಿ ಶಾಲೆಯ ಕಾಯಂ ಶಿಕ್ಷಕರಲ್ಲ. ಹೊರಗುತ್ತಿಗೆಯ ತರಬೇತಿ ಸಂಸ್ಥೆಗಳ ಮೂಲಕ ಬರುವವರು. ಗುತ್ತಿಗೆ ನವೀಕರಣ ತಡವಾದರೆ ತರಗತಿಯೂ ತಡವಾಗುತ್ತದೆ, ತರಬೇತುದಾರ ಬೇರೆ ಕೆಲಸ ಸಿಕ್ಕಿ ಹೊರಟರೆ ಆ ವರ್ಷದ ಪ್ರಾಯೋಗಿಕ ಭಾಗ ನೋಟ್ಸ್ ಬರೆಸುವುದಕ್ಕೆ ಇಳಿಯುತ್ತದೆ. ಅತಿಥಿ ಉಪನ್ಯಾಸ ಮತ್ತು ಕೈಗಾರಿಕಾ ಭೇಟಿಗೂ ಯೋಜನೆಯಲ್ಲಿ ಅವಕಾಶವಿದೆ. ವರ್ಷಕ್ಕೊಮ್ಮೆ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೆ ಅದು ಸೀಮಿತವಾದರೆ ಉಪಯೋಗವಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಟ್ಟಡ, ಕಾಂಪೌಂಡು, ಶೌಚಾಲಯಗಳ ಮಾತಿನ ಜೊತೆಗೆ ಈ ಲ್ಯಾಬಿನ ಮಾತನ್ನೂ ಎತ್ತುವ ಅಧಿಕಾರ ಪೋಷಕರಿಗಿದೆ.

ಇನ್ನೊಂದು ಕೊರತೆಯನ್ನು ಹೇಳಲೇಬೇಕು. ಒಂದು ಶಾಲೆಗೆ ಮಂಜೂರಾಗುವುದು ಸಾಮಾನ್ಯವಾಗಿ ಒಂದೋ ಎರಡೋ ವಲಯ ಮಾತ್ರ. ಹಾಗಾಗಿ ಆಯ್ಕೆ ಎನ್ನುವುದು ಮಗುವಿನದಾಗದೆ ಶಾಲೆಯದಾಗುತ್ತದೆ. ಹೆಣ್ಣುಮಕ್ಕಳಿಗೆ ಸೌಂದರ್ಯ ವಿಷಯ, ಗಂಡುಮಕ್ಕಳಿಗೆ ಆಟೊಮೊಬೈಲ್ ಎಂಬ ವಿಂಗಡಣೆ ಯಾವ ನಿಯಮದಲ್ಲೂ ಇಲ್ಲ. ಅದು ನಮ್ಮ ಮನಸ್ಸಿನಲ್ಲಿದೆ. ಎಲೆಕ್ಟ್ರಾನಿಕ್ಸ್ ಅಥವಾ ಆಟೊಮೊಬೈಲ್ ಇರುವ ಶಾಲೆಯಲ್ಲಿ ಹುಡುಗಿಯರು ಅದನ್ನು ಕೇಳಿ ಪಡೆಯಲು ಯಾವ ಅಡ್ಡಿಯೂ ಇಲ್ಲ.

ಇದೆಲ್ಲ ಹೊಸ ಆಲೋಚನೆಯೂ ಅಲ್ಲ. ಕೈಕೆಲಸದ ಮೂಲಕ ಕಲಿಕೆ ಎಂಬ ಗಾಂಧೀಜಿಯವರ ಚಿಂತನೆ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪ ಪಡೆಯಿತು. 1952–53ರ ಮೊದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು, 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಒತ್ತಿ ಹೇಳಿತು. ಕರ್ನಾಟಕದಲ್ಲಿ ಪಿಯುಸಿ ಮಟ್ಟದ ಜೆಒಸಿ, ಅಂದರೆ ಉದ್ಯೋಗ ಆಧಾರಿತ ಕೋರ್ಸುಗಳು, ದಶಕಗಳ ಕಾಲ ನಡೆದು ಕೊನೆಗೆ ನಿಂತುಹೋದವು. ನಲವತ್ತು ದಾಟಿದ ಎಷ್ಟೋ ಮಂದಿಗೆ ಆ ಹೆಸರು ಇನ್ನೂ ನೆನಪಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಉಲ್ಲೇಖಿಸುತ್ತದೆ: ಭಾರತದಲ್ಲಿ 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇಕಡಾ 75, ದಕ್ಷಿಣ ಕೊರಿಯಾದಲ್ಲಿ ಶೇಕಡಾ 96. ನಮ್ಮಲ್ಲಿ ಕೆಲಸ ಬಲ್ಲವರಿಲ್ಲ ಎಂದು ಇದರ ಅರ್ಥವಲ್ಲ. ಗ್ಯಾರೇಜಿನಲ್ಲಿ ಮೇಸ್ತ್ರಿಯ ಕೈಕೆಳಗೆ ಕಲಿತವನ ವಿದ್ಯೆಯನ್ನು ಕಾಗದದ ಮೇಲೆ ತೋರಿಸುವ ದಾರಿ ಇರಲಿಲ್ಲ ಎಂದಷ್ಟೇ ಅರ್ಥ.

ಎಸ್‌ಎಸ್‌ಎಲ್‌ಸಿ ಆದ ಮೇಲೆ

ಐಟಿಐಗಳ ಬೆನ್ನೆಲುಬಾದ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಕನಿಷ್ಠ ವಯಸ್ಸು 14. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್ ಮತ್ತು ಕಂಪ್ಯೂಟರ್‌ನ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಸಹಾಯಕ) ಒಂದು ವರ್ಷದವು. ಹೆಚ್ಚಿನವಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ವೆಲ್ಡರ್, ವೈರ್‌ಮನ್ ಮುಂತಾದ ಕೆಲವಕ್ಕೆ ಎಂಟನೆಯ ತರಗತಿ ಸಾಕು. ಕೊನೆಯಲ್ಲಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಸಿಗುತ್ತದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್‌ಎಸ್‌ಎಲ್‌ಸಿಯ ಜೊತೆಗೆ ನಿಗದಿತ ಟ್ರೇಡುಗಳ ಐಟಿಐ ಅಥವಾ ಡಿಪ್ಲೊಮಾ ಕೇಳುವುದರಿಂದ, ಈ ಒಂದು ಕಾಗದಕ್ಕೆ ಶಾಲೆಯ ವೃತ್ತಿ ವಿಷಯದ ಪ್ರಮಾಣಪತ್ರಕ್ಕಿಲ್ಲದ ತೂಕವಿದೆ.

ಆ ತೂಕ ಇರುವುದು ಮಾನ್ಯತೆ ಇದ್ದರೆ ಮಾತ್ರ. ಮಾನ್ಯತೆಯನ್ನು ಇಡೀ ಐಟಿಐಗೆ ಒಟ್ಟಾಗಿ ಕೊಡುವುದಿಲ್ಲ, ಟ್ರೇಡುವಾರು ಮತ್ತು ಯೂನಿಟ್‌ವಾರು (ಯೂನಿಟ್ ಎಂದರೆ ವಿದ್ಯಾರ್ಥಿಗಳ ಒಂದು ತಂಡ) ಕೊಡುತ್ತಾರೆ. ಒಂದು ಖಾಸಗಿ ಐಟಿಐಗೆ ಫಿಟ್ಟರ್ ಟ್ರೇಡಿನ ಎರಡು ಯೂನಿಟ್‌ಗಳಿಗೆ ಮಾನ್ಯತೆ ಇದ್ದು ಎಲೆಕ್ಟ್ರಿಷಿಯನ್‌ಗೆ ಇಲ್ಲದಿರಬಹುದು. ಬೋರ್ಡಿನ ಮೇಲೆ ‘ಸರ್ಕಾರದಿಂದ ಮಾನ್ಯತೆ ಪಡೆದಿದೆ’ ಎಂದು ಬರೆದಿರುವುದನ್ನು ನೋಡಿ ಶುಲ್ಕ ಕಟ್ಟುವ ಮೊದಲು, ತಾನು ಸೇರುವ ಟ್ರೇಡಿನ ತನ್ನ ಯೂನಿಟ್‌ಗೆ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯೇ ಎಂದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯಲ್ಲಿ ವಿಚಾರಿಸಬೇಕು. ಸರ್ಕಾರಿ ಐಟಿಐಗಳ ಸ್ಥಿತಿ ಇತ್ತೀಚೆಗೆ ಸುಧಾರಿಸಿದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಹಳೆಯ ಲೇತ್‌ಗಳ ಪಕ್ಕದಲ್ಲಿ ಸಿಎನ್‌ಸಿ ಯಂತ್ರ, ರೋಬೊಟಿಕ್ ತೋಳು, ವಿದ್ಯುತ್ ವಾಹನದ ತರಬೇತಿ ಸಾಮಗ್ರಿ ಬಂದಿವೆ.

ಐಟಿಐ ಮುಗಿದ ಕೂಡಲೇ ಕೈ ಪೂರ್ತಿ ಪಳಗಿರುವುದಿಲ್ಲ. ಆ ಕೊರತೆಯನ್ನು ತುಂಬುವುದು ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯೊಡನೆ ಒಪ್ಪಂದವಾಗಿ, ನಿಗದಿತ ಅವಧಿ ಕೆಲಸ ಕಲಿತು, ಮಾಸಿಕ ಸ್ಟೈಪೆಂಡ್ ಪಡೆಯಬಹುದು; 2019ರ ನಿಯಮ ತಿದ್ದುಪಡಿಯಲ್ಲಿ ಐಟಿಐ ಪ್ರಮಾಣಪತ್ರ ಹೊಂದಿದವರ ಕನಿಷ್ಠ ಸ್ಟೈಪೆಂಡನ್ನು ತಿಂಗಳಿಗೆ 7,000 ರೂಪಾಯಿಗೆ ನಿಗದಿಪಡಿಸಲಾಯಿತು. ಇದಕ್ಕೂ ಕನಿಷ್ಠ ವಯಸ್ಸು 14, ಆದರೆ ಅಪಾಯಕಾರಿ ಉದ್ಯಮಗಳಲ್ಲಿ 18. ಅಪ್ರೆಂಟಿಸ್‌ಶಿಪ್ ಎಂದು ಹೇಳಿ, ಒಪ್ಪಂದ ನೋಂದಾಯಿಸದೆ, ಹುಡುಗನನ್ನು ಕಡಿಮೆ ಕೂಲಿಯ ಆಳಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ನೋಂದಣಿ ಇಲ್ಲದಿದ್ದರೆ ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ಇಲ್ಲ.

ಡಿಪ್ಲೊಮಾ ಮೂರು ವರ್ಷದ ಓದು. ಇಲ್ಲಿ ಗಣಿತ, ಡ್ರಾಯಿಂಗ್, ಸಿದ್ಧಾಂತದ ಪಾಲು ಹೆಚ್ಚು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 1951ರಲ್ಲಿ ಆರಂಭವಾಗಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜಾಗಿರುವ ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿಗೂ ಹೀಗೆ ಹೋಗಲು ಅವಕಾಶವಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಅಂದರೆ ಐಟಿಐಯಿಂದ ಡಿಪ್ಲೊಮಾಕ್ಕೆ, ಅಲ್ಲಿಂದ ಬಿಇಗೆ ಒಂದು ಮೆಟ್ಟಿಲಸಾಲೇ ಇದೆ. ಹತ್ತುವವರು ಕಡಿಮೆ, ಏಕೆಂದರೆ ಐಟಿಐಯಲ್ಲಿ ಬಿಟ್ಟುಹೋದ ಗಣಿತ ಡಿಪ್ಲೊಮಾದ ಎರಡನೆಯ ವರ್ಷದಲ್ಲಿ ಅಡ್ಡ ನಿಲ್ಲುತ್ತದೆ. ಹಾಗೆ ಏರಬೇಕೆಂಬ ಆಸೆ ಇರುವವರು ಐಟಿಐಯಲ್ಲಿರುವಾಗಲೇ ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಕೈಬಿಡಬಾರದು. ಪಿಯುಸಿಗೆ ಸಮನಾದ ಅರ್ಹತೆ ಬೇಕೆನ್ನುವ ಐಟಿಐ ವಿದ್ಯಾರ್ಥಿಗಳಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಭಾಷೆ ಮತ್ತು ಅಗತ್ಯ ವಿಷಯದ ಪರೀಕ್ಷೆ ಬರೆದು ಅದನ್ನು ಪಡೆಯುವ ಸೌಲಭ್ಯವಿದೆ.

ಐಟಿಐ ಮತ್ತು ಡಿಪ್ಲೊಮಾಗಳ ನಡುವೆ ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ಸಂಸ್ಥೆ ಜಿಟಿಟಿಸಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ದಾವಣಗೆರೆ–ಹರಿಹರ ಭಾಗದಲ್ಲೂ ಶಾಖೆಯಿದೆ. ಅಚ್ಚು ಮತ್ತು ಡೈ ತಯಾರಿಕೆಯ ಅದರ ಡಿಪ್ಲೊಮಾದಲ್ಲಿ ತರಗತಿಯ ಮೂರು ವರ್ಷಗಳ ಜೊತೆಗೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಇರುತ್ತದೆ. ಕೈಕೆಲಸ ಮತ್ತು ಸಿದ್ಧಾಂತ ಎರಡೂ ಬೇಕೆನ್ನುವ ಹುಡುಗ-ಹುಡುಗಿಯರಿಗೆ ಇದರಷ್ಟು ಹೊಂದುವ ಓದು ಈ ಭಾಗದಲ್ಲಿ ಬೇರೊಂದು ಕಾಣುವುದಿಲ್ಲ.

ಈ ಎರಡು ಜಿಲ್ಲೆಗಳಲ್ಲಿ ಯಾವ ಕೆಲಸವಿದೆ

ಟ್ರೇಡ್ ಆರಿಸುವಾಗ ಸುತ್ತಲಿನ ನೆಲವನ್ನೂ ನೋಡಬೇಕು. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಆ ಗಿರಣಿಗಳು ಮುಚ್ಚಿವೆ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಗಿ ದೇಶಕ್ಕೆಲ್ಲ ಲೇತ್ ಕಳಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಇಲ್ಲ. ಒಂದೇ ದೊಡ್ಡ ಕಾರ್ಖಾನೆಯನ್ನು ನಂಬಿ ಟರ್ನರ್ ಓದುವ ಕಾಲ ಮುಗಿಯಿತು. ಆದರೆ ಹರಿಹರದ ಸುತ್ತಲಿನ ಸಣ್ಣ ಎಂಜಿನಿಯರಿಂಗ್ ಘಟಕಗಳಿಗೆ, ಅಕ್ಕಿ ಮತ್ತು ಮಂಡಕ್ಕಿ ತಯಾರಿಕೆಗೆ, ಸಿದ್ಧ ಉಡುಪಿನ ಘಟಕಗಳಿಗೆ ಯಂತ್ರ ನೋಡಿಕೊಳ್ಳುವ ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಬೇಕೇ ಬೇಕು.

ಚಿತ್ರದುರ್ಗದ ಕಥೆ ಬೇರೆ. ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರಾದ್ದರಿಂದ ಲಾರಿ ಗ್ಯಾರೇಜ್, ಟೈರ್, ವೆಲ್ಡಿಂಗ್, ಆಟೊ ಎಲೆಕ್ಟ್ರಿಕಲ್ ಕೆಲಸಕ್ಕೆ ಬರವಿಲ್ಲ. ಮಳೆ ಕಡಿಮೆ ಇರುವ ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆಯ ಕಡೆ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ಸಬ್‌ಮರ್ಸಿಬಲ್ ಮೋಟಾರ್ ಸುಡುವುದು ಹೆಚ್ಚು, ಮೋಟಾರ್ ವೈಂಡಿಂಗ್ ಮಾಡುವವನಿಗೆ ಕೆಲಸವೂ ಹೆಚ್ಚು. ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಎತ್ತರಕ್ಕೆ ಹೆದರದ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ತಂತ್ರಜ್ಞರು ಬೇಕು. ಭೌಗೋಳಿಕ ಸೂಚಿಕೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯ ನೇಕಾರಿಕೆ ಮಾತ್ರ ಮನೆಯಲ್ಲೇ ಕಲಿತು ಬರುವ ವಿದ್ಯೆ. ಅದನ್ನು ಶಾಲೆಯ ವೃತ್ತಿ ವಿಷಯದೊಳಗೆ ತಂದು, ಹಿರಿಯ ನೇಕಾರರನ್ನೇ ಅತಿಥಿ ಬೋಧಕರಾಗಿ ಕರೆಸುವುದಕ್ಕೆ ಯೋಜನೆಯಲ್ಲಿ ಅವಕಾಶವಿರುವಾಗ ಡೇಟಾ ಎಂಟ್ರಿ, ರೀಟೇಲ್‌ಗಳನ್ನೇ ಎಲ್ಲೆಡೆ ಹಂಚುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ. ಚಳ್ಳಕೆರೆಯ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುವ ಕೇಂದ್ರವಿದೆ. ವೃತ್ತಿ ವಿಷಯದ ತರಬೇತುದಾರರಿಗೂ ಅಂಥ ಕಡೆ ವರ್ಷಕ್ಕೊಮ್ಮೆ ತರಬೇತಿ ಸಿಗುವಂತಾದರೆ ಶಾಲೆಯ ಲ್ಯಾಬಿಗೆ ಜೀವ ಬಂದೀತು.

ಸ್ವಂತವಾಗಿ ವೈರಿಂಗ್ ಕೆಲಸ ಹಿಡಿಯಬೇಕೆಂದಿರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಐಟಿಐ ಪ್ರಮಾಣಪತ್ರ ಕಲಿಕೆಯ ದಾಖಲೆ ಮಾತ್ರ. ಅಧಿಕೃತವಾಗಿ ವೈರಿಂಗ್ ಮಾಡಲು ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಪಡೆಯಬೇಕಾಗುತ್ತದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೆನ್ನಲ್ಲೇ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಪ್ರವೇಶದ ಪ್ರಕಟಣೆಗಳು ಬರುತ್ತವೆ, ಅರ್ಜಿಯ ಅವಧಿ ಚಿಕ್ಕದು. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನೂ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳುವವರು ಮುಖ್ಯೋಪಾಧ್ಯಾಯರು ಸಹಿ ಮಾಡಿ ಬಿಇಒ ಮೇಲುಸಹಿ ಹಾಕಿದ ವ್ಯಾಸಂಗ ಪ್ರಮಾಣಪತ್ರಗಳನ್ನೂ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಂಡರೆ ಕೊನೆಯ ದಿನ ಬ್ಲಾಕ್ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.